ಹೊಳೆ ಇಳಿದ ಮೇಲಿನ ಒಂದು ತಿಂಗಳು



ನೆರೆಯೆಂದರೆ ಏನೆಂಬುದನ್ನು ನಿಮಗೆ ಹೊಸದಾಗಿ ತಿಳಿಸಬೇಕಾಗಿಲ್ಲ. ರೋಣ ತಾಲೂಕಿನ ಹೊಳೆಆಲೂರು, ಮೆಣಸಗಿ, ಹೊಳೆಮಣ್ಣೂರು, ಗಾಡಗೋಳಿ, ನರಗುಂದ ತಾಲೂಕಿನ ಕೊಣ್ಣೂರು, ಲಖಮಾಪುರ ಮುಂತಾದ ಊರುಗಳವರು ೨೦೦೯ರ ನೆರೆಯನ್ನು ಕಂಡಿದ್ದಾರೆ. ಹತ್ತು ವರ್ಷಗಳ ತರುವಾಯ ೨೦೧೯ರ ನೆರೆಯನ್ನೂ ಕಂಡಿದ್ದಾರೆ. ಆ ದಿನಗಳಲ್ಲಿ ಎಲ್ಲರ ಕಣ್ಣು ಹೊಳೆಯ ಮೇಲಿರುತ್ತದೆ. ದೋಣಿ ಬರುತ್ತದೆ, ಅಧಿಕಾರಿಗಳು ಬರುತ್ತಾರೆ, ಗಂಜಿ ಕೇಂದ್ರ ನಡೆಯುತ್ತದೆ. ಮೂರು ನಾಲ್ಕು ದಿನಗಳಲ್ಲಿ ಹೊಳೆ ಇಳಿಯುತ್ತದೆ. ಜನರು “ಗಂಡಾಂತರ ಕಳೆಯಿತು” ಎಂದು ನಿಟ್ಟುಸಿರು ಬಿಟ್ಟು ಮನೆಗೆ ಮರಳುತ್ತಾರೆ.

ನಿಜವಾಗಿ ನೋಡಿದರೆ ಗಂಡಾಂತರದ ಎರಡನೆಯ ಪಾಲು ಅಲ್ಲಿಂದಲೇ ಆರಂಭವಾಗುತ್ತದೆ. ನೆರೆಯ ಹಾನಿ ಎರಡು ಕಂತಿನಲ್ಲಿ ಬರುತ್ತದೆ. ಮೊದಲನೆಯ ಕಂತು ನೀರಿನೊಡನೆ ಬರುವುದು. ಅದನ್ನು ತಡೆಯುವುದು ನಿಮ್ಮ ಕೈಯಲ್ಲಿ ಹೆಚ್ಚಾಗಿ ಇಲ್ಲ. ಎರಡನೆಯದು ನೀರು ಹೋದ ಮೇಲೆ ಒಂದು ತಿಂಗಳವರೆಗೆ ಮೆಲ್ಲಗೆ ಬರುವುದು. ಕುಡಿಯುವ ನೀರು ಕೆಡುವುದು, ಗೋಡೆ ಕುಸಿಯುವುದು, ಜ್ವರ ಹಬ್ಬುವುದು, ದನಕ್ಕೆ ಬೇನೆ ತಗಲುವುದು, ಹೊಲ ಗಟ್ಟಿಯಾಗುವುದು, ಹಿಂಗಾರಿ ಬಿತ್ತನೆ ತಪ್ಪುವುದು, ಪರಿಹಾರದ ಪಟ್ಟಿಯಿಂದ ಹೆಸರು ಬಿಟ್ಟುಹೋಗುವುದು, ಇವೆಲ್ಲ ಈ ಕಂತಿಗೆ ಸೇರಿದವು. ಇದರಲ್ಲಿ ಬಹುಪಾಲು ನಿಮ್ಮ ಕೈಯಲ್ಲಿಯೇ ಇದೆ. ಆದಕಾರಣ ಈ ಲೇಖನದಲ್ಲಿ ಆ ತಿಂಗಳ ವಿಚಾರವನ್ನೇ ಮುಖ್ಯವಾಗಿ ಹೇಳಿದೆ.

ಮಳೆ ಕಡಿಮೆಯಾದ ನಾಡಿಗೆ ನೆರೆ ಏಕೆ?

ರೋಣದ ಸೀಮೆ ಬರದ ಸೀಮೆ. ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರು ಮಳೆ ಬಿದ್ದರೆ ಒಳ್ಳೆಯ ವರ್ಷವೆನ್ನುತ್ತೇವೆ. ಹೀಗಿದ್ದೂ ನೆರೆ ಬರುವುದೇಕೆ? ಇಲ್ಲಿ ಎರಡು ಬೇರೆ ಬೇರೆ ನೀರು ಕೂಡುತ್ತವೆ ಎಂಬುದನ್ನು ತಿಳಿದರೆ ಇದು ಅರ್ಥವಾಗುತ್ತದೆ.

ಮೊದಲನೆಯದು ಮಲಪ್ರಭೆಯ ನೀರು. ಈ ಹೊಳೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತದೆ. ಅದು ಸಹ್ಯಾದ್ರಿಯ ಸೆರಗು. ಅಲ್ಲಿ ಮಳೆಯನ್ನು ಸಾವಿರಾರು ಮಿಲಿಮೀಟರುಗಳಲ್ಲಿ ಎಣಿಸುತ್ತಾರೆ. ಆ ನೀರು ಸವದತ್ತಿಯ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಅಲ್ಲಿಯ ಜಲಾಶಯದಲ್ಲಿ ಹಿಡಿಯುವ ನೀರು ೩೭.೭೩ ಟಿಎಂಸಿ. ಜಲಾಶಯ ತುಂಬಿದ ಮೇಲೆ ಒಳಗೆ ಬಂದಷ್ಟು ನೀರನ್ನು ಹೊರಗೆ ಬಿಡಲೇಬೇಕು. ಒಂದು ದಿನವಿಡೀ ೧೧,೫೭೪ ಕ್ಯೂಸೆಕ್ ಹರಿದರೆ ಒಂದು ಟಿಎಂಸಿ ನೀರಾಗುತ್ತದೆ. ಒಂದು ಲಕ್ಷ ಕ್ಯೂಸೆಕ್ ಬಿಟ್ಟರೆ ಒಂದೇ ದಿನದಲ್ಲಿ ಎಂಟೂವರೆ ಟಿಎಂಸಿಗಿಂತ ಹೆಚ್ಚು ನೀರು ನಿಮ್ಮ ಊರ ಮುಂದೆ ಹಾಯುತ್ತದೆ. ಅಂದರೆ ಜಲಾಶಯದ ಸುಮಾರು ಕಾಲುಭಾಗ! ನಿಮ್ಮ ಊರಲ್ಲಿ ಹನಿ ಮಳೆ ಬೀಳದಿದ್ದರೂ ಈ ನೆರೆ ಬರಬಹುದು.

ಎರಡನೆಯದು ಬೆಣ್ಣೆಹಳ್ಳದ ನೀರು. ಇದು ಶಿಗ್ಗಾಂವಿ ತಾಲೂಕಿನ ದುಂಡಶಿಯ ಕಡೆ ಹುಟ್ಟಿ, ಹುಬ್ಬಳ್ಳಿ, ನವಲಗುಂದಗಳ ಎರೆ ಬಯಲನ್ನು ಹಾಯ್ದು, ಯಾವಗಲ್ಲಿನ ಕಡೆಯಿಂದ ಬಂದು, ರೋಣ ತಾಲೂಕಿನಲ್ಲಿ ಮೆಣಸಗಿಯ ಬಳಿ ಮಲಪ್ರಭೆಯನ್ನು ಸೇರುತ್ತದೆ. ಇದರ ನೀರನ್ನು ತಡೆಹಿಡಿಯುವ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ. ಎರೆಮಣ್ಣು ಒಮ್ಮೆ ನೆನೆದು ಉಬ್ಬಿದರೆ ಮತ್ತೆ ನೀರು ಕುಡಿಯುವುದಿಲ್ಲ. ಬಿದ್ದ ಮಳೆಯೆಲ್ಲ ಹಳ್ಳಕ್ಕೆ ಇಳಿಯುತ್ತದೆ. ಹೀಗಾಗಿ ಬೇಸಗೆಯಲ್ಲಿ ಒಣಗಿ ನಿಲ್ಲುವ ಹಳ್ಳವೇ ಒಂದು ರಾತ್ರಿಯ ಜಡಿಮಳೆಗೆ ಸಮುದ್ರದಂತಾಗುತ್ತದೆ.

ಎರಡೂ ಒಂದೇ ಹೊತ್ತಿಗೆ ಬಂದರೆ ಏನಾಗುತ್ತದೆ? ಮಲಪ್ರಭೆ ತುಂಬಿದ್ದಾಗ ಹಳ್ಳದ ನೀರಿಗೆ ಹೊಳೆಯಲ್ಲಿ ಜಾಗ ಸಿಕ್ಕುವುದಿಲ್ಲ. ಅದು ಹಿಂದಕ್ಕೆ ಒತ್ತಿಕೊಂಡು ಹೊಲಗಳಲ್ಲಿ ಹರಡಿ ನಿಲ್ಲುತ್ತದೆ. ಹರಿದು ಹೋಗುವ ನೀರಿಗಿಂತ ಹೀಗೆ ನಿಂತ ನೀರು ಹೆಚ್ಚು ಕೆಡಕು ಮಾಡುವುದು. ಆದಕಾರಣ ಹೊಳೆಸಾಲಿನವರು ಎರಡು ಸುದ್ದಿ ಕೇಳಬೇಕು: ನವಿಲುತೀರ್ಥದಿಂದ ಎಷ್ಟು ನೀರು ಬಿಟ್ಟರು, ಹುಬ್ಬಳ್ಳಿ ನವಲಗುಂದಗಳ ಕಡೆ ಎಷ್ಟು ಮಳೆಯಾಯಿತು. ಒಂದನ್ನೇ ಕೇಳಿದರೆ ಸಾಲದು.

ಮೊದಲ ದಿನಗಳು: ಗೋಡೆ ಮತ್ತು ತಂತಿ

ನಮ್ಮ ಕಡೆ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳು ಇನ್ನೂ ಬಹಳ ಇವೆ. ಇಂಥ ಮನೆ ನೀರು ನಿಂತಾಗಲೇ ಬೀಳುತ್ತದೆಂದು ತಿಳಿಯಬಾರದು. ಎಷ್ಟೋ ಸಲ ನೀರು ಇಳಿದ ಮೇಲೆ ಬೀಳುತ್ತದೆ. ಗೋಡೆಯ ಬುಡ ನೆನೆದು ಮೆತ್ತಗಾಗಿರುತ್ತದೆ. ಮೇಲೆ ಮಾಳಿಗೆಯ ಮಣ್ಣು ಮಳೆ ಕುಡಿದು ಭಾರವಾಗಿರುತ್ತದೆ. ಇಷ್ಟು ದಿನ ಹೊರಗಿನಿಂದ ಒತ್ತಿ ಹಿಡಿದಿದ್ದ ನೀರೂ ಸರಿದುಹೋಗಿರುತ್ತದೆ. ಆಗ ಗೋಡೆ ಸದ್ದಿಲ್ಲದೆ ಕುಸಿಯುತ್ತದೆ. ಬಿಸಿಲು ಬಿದ್ದಿತೆಂದು ಅದೇ ರಾತ್ರಿ ಮಕ್ಕಳನ್ನು ಕರೆದುಕೊಂಡು ಒಳಗೆ ಮಲಗಬೇಡಿರಿ. ಗೋಡೆಯ ಬುಡ ಉಬ್ಬಿದೆಯೇ, ಬಿರುಕು ಬಿಟ್ಟಿದೆಯೇ, ತೊಲೆ ಸರಿದಿದೆಯೇ ಎಂಬುದನ್ನು ತಿಳಿದವರಿಂದ ಹಗಲು ಹೊತ್ತಿನಲ್ಲಿ ನೋಡಿಸಿರಿ. ಗೋಡೆ ಪೂರ್ತಿ ಆರುವ ತನಕ ಶಾಲೆಯಲ್ಲಿಯೋ ನೆಂಟರ ಮನೆಯಲ್ಲಿಯೋ ಮಲಗುವುದು ಮೇಲು.

ಹಸಿ ಗೋಡೆಯಲ್ಲಿ ವಿದ್ಯುತ್ತು ಹರಿಯುತ್ತದೆ. ಮನೆಯ ತಂತಿಗಳನ್ನು ಪರೀಕ್ಷೆ ಮಾಡಿಸುವ ತನಕ ಗುಂಡಿ ಒತ್ತಬೇಡಿರಿ. ಬಿದ್ದ ಕಂಬ, ಜೋತಾಡುವ ತಂತಿ ಕಂಡರೆ ಹತ್ತಿರ ಹೋಗದೆ ಕೂಡಲೇ ತಿಳಿಸಿರಿ. ಬಣವೆ, ಸೌದೆಯ ರಾಶಿ, ಬಿದ್ದ ಗೋಡೆಯ ಮಣ್ಣು ಇವುಗಳಲ್ಲಿ ಹಾವು ಸೇರಿಕೊಂಡಿರುತ್ತದೆ. ಬರಿಗೈ ಹಾಕದೆ ಕೋಲಿನಿಂದ ಕೆದರಿ ನೋಡಿರಿ. ಹಾವು ಕಚ್ಚಿದರೆ ಗಾಯವನ್ನು ಕೊಯ್ಯಬಾರದು, ಬಿಗಿಯಾಗಿ ಹಗ್ಗ ಕಟ್ಟಬಾರದು, ಮಂತ್ರ ಹಾಕಿಸುತ್ತ ಹೊತ್ತು ಕಳೆಯಬಾರದು. ಕೈಕಾಲು ಅಲುಗದಂತೆ ಇರಿಸಿ, ೧೦೮ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ವಿಷಕ್ಕೆ ಮದ್ದು ಅಲ್ಲಿ ಮಾತ್ರ ಇದೆ.

ಬೇನೆಗಳಿಗೂ ಒಂದು ಪಂಚಾಂಗವಿದೆ

ನೆರೆಯ ನಂತರದ ಬೇನೆಗಳು ಒಮ್ಮೆಲೇ ಬರುವುದಿಲ್ಲ, ಸರದಿಯಂತೆ ಬರುತ್ತವೆ. ಕೆಟ್ಟ ನೀರು ಕುಡಿದ ಕೆಲವು ತಾಸುಗಳಿಂದ ಐದು ದಿನಗಳೊಳಗೆ ವಾಂತಿಭೇದಿ ಕಾಣಿಸುತ್ತದೆ. ಇಲಿ ಉಚ್ಚೆ ಬೆರೆತ ಕೆಸರಿನಲ್ಲಿ ಗಾಯದ ಕಾಲಿಟ್ಟು ನಡೆದವರಿಗೆ ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಗಳಲ್ಲಿ ಇಲಿಜ್ವರ ಬರಬಹುದು. ವಿಷಮಜ್ವರಕ್ಕೆ ಒಂದರಿಂದ ಮೂರು ವಾರ. ನೀರಿನಿಂದ ಹಬ್ಬುವ ಕಾಮಾಲೆಗೆ ಎರಡು ವಾರದಿಂದ ಒಂದೂವರೆ ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು. ನಿಂತ ನೀರಿನಲ್ಲಿ ಇಟ್ಟ ಸೊಳ್ಳೆಯ ಮೊಟ್ಟೆ ಏಳರಿಂದ ಹತ್ತು ದಿನಗಳಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಅದರ ಹಿಂದೆಯೇ ಡೆಂಗ್ಯೂ, ಚಿಕೂನ್‌ಗುನ್ಯಾ, ಮಲೇರಿಯಾ ಹಿಂಬಾಲಿಸುತ್ತವೆ.

ಇದರಿಂದ ತಿಳಿಯುವುದೇನೆಂದರೆ, ಗಂಜಿ ಕೇಂದ್ರ ಮುಚ್ಚಿ, ವೈದ್ಯರ ತಂಡ ಮರಳಿಹೋದ ಮೇಲೆಯೇ ಎಷ್ಟೋ ಬೇನೆಗಳು ತಲೆಯೆತ್ತುತ್ತವೆ. ಆ ತಿಂಗಳಲ್ಲಿ ಯಾರಿಗೆ ಜ್ವರ ಬಂದರೂ “ಥಂಡಿಯಿಂದ ಬಂದದ್ದು” ಎಂದು ಬಿಡಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ “ನಾನು ನೆರೆಯ ನೀರಿನಲ್ಲಿ ಓಡಾಡಿದ್ದೇನೆ” ಎಂದು ತಪ್ಪದೆ ಹೇಳಬೇಕು. ಈ ಒಂದು ಮಾತು ವೈದ್ಯರಿಗೆ ದಾರಿ ತೋರಿಸುತ್ತದೆ.

ಕುಡಿಯುವ ನೀರು. ನೆರೆ ಹೊಕ್ಕ ಬಾವಿಯ ನೀರು ತಿಳಿಯಾಗಿ ಕಂಡರೂ ಶುದ್ಧವಲ್ಲ. ಮೊದಲು ಬಾವಿಯ ನೀರನ್ನೂ ರಾಡಿಯನ್ನೂ ಎತ್ತಿ ಹಾಕಬೇಕು. ಹೊಸ ನೀರು ಬಂದ ಮೇಲೆ ಬ್ಲೀಚಿಂಗ್ ಪುಡಿ ಹಾಕಬೇಕು. ಅಳತೆ ಹೀಗೆ: ಸಾವಿರ ಲೀಟರು ನೀರಿಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿ. ದುಂಡು ಬಾವಿಯ ಅಗಲ ೩ ಮೀಟರು, ನೀರಿನ ಆಳ ೪ ಮೀಟರು ಇದ್ದರೆ ಅದರಲ್ಲಿ ಸುಮಾರು ೨೮,೦೦೦ ಲೀಟರು ನೀರಿರುತ್ತದೆ. ಅದಕ್ಕೆ ೭೦ ಗ್ರಾಂ ಪುಡಿ ಬೇಕು. ೫೦,೦೦೦ ಲೀಟರಿನ ಮೇಲ್ತೊಟ್ಟಿಗೆ ೧೨೫ ಗ್ರಾಂ. ಪುಡಿಯನ್ನು ನೇರವಾಗಿ ಎರಚಬಾರದು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಬಿಟ್ಟು, ಕೊಡವನ್ನು ಇಳಿಸಿ ಎತ್ತಿ ಚೆನ್ನಾಗಿ ಕದಡಬೇಕು. ಒಂದು ತಾಸು ಕಾಯಬೇಕು. ಬಳಿಕ ಆರೋಗ್ಯ ಕಾರ್ಯಕರ್ತರಿಂದ ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ನೋಡಿಸಿರಿ. ಉಳಿಯದಿದ್ದರೆ ನೀರಿನಲ್ಲಿ ಇನ್ನೂ ಹೊಲಸಿದೆಯೆಂದು ಅರ್ಥ; ಮತ್ತೊಮ್ಮೆ ಹಾಕಬೇಕು. ಮುಚ್ಚಳ ತೆರೆದಿಟ್ಟ ಹಳೆಯ ಪುಡಿಗೆ ಸತ್ವವಿರುವುದಿಲ್ಲ. ಮನೆಯಲ್ಲಿ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ ಆರಿಸಿ ಕುಡಿಯಿರಿ.

ಭೇದಿಗೆ. ಭೇದಿಯಿಂದ ಸಾಯುವವರು ಹೆಚ್ಚಾಗಿ ಮೈಯ ನೀರು ಬತ್ತಿ ಸಾಯುತ್ತಾರೆ. “ಭೇದಿಯಾಗುವಾಗ ನೀರು ಕೊಡಬಾರದು” ಎಂಬ ಮಾತು ತಪ್ಪು. ಓಆರ್‌ಎಸ್ ಪುಡಿಯ ಪೊಟ್ಟಣವನ್ನು ಒಂದು ಲೀಟರು ಶುದ್ಧ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸಿರಿ. ಅದು ಸಿಕ್ಕದಿದ್ದರೆ ಒಂದು ಲೀಟರು ನೀರಿಗೆ ಚಹಾ ಚಮಚದಿಂದ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿರಿ. ಉಪ್ಪು ಹೆಚ್ಚಾಗಬಾರದು. ಕೂಸಿಗೆ ಎದೆಹಾಲು ನಿಲ್ಲಿಸಬಾರದು. ಮಕ್ಕಳಿಗೆ ಜಿಂಕ್ ಮಾತ್ರೆಯನ್ನು ಭೇದಿ ನಿಂತ ಮೇಲೂ ವೈದ್ಯರು ಹೇಳಿದಷ್ಟು ದಿನ ಪೂರ್ತಿ ಕೊಡಬೇಕು. ಕಣ್ಣು ಒಳಸೇರಿದರೆ, ಮಗು ಮಂಕಾಗಿ ಕುಡಿಯದಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಸೊಳ್ಳೆಗೆ. ವಾರಕ್ಕೊಂದು ದಿನ ಊರಿಗೆ ಊರೇ ಹಂಡೆ, ಬ್ಯಾರಲ್ಲು, ದೋಣಿ, ಒಡೆದ ಮಡಕೆ, ಹಳೆಯ ಟೈರುಗಳ ನೀರನ್ನು ಚೆಲ್ಲಿ ಒಣಗಿಸಬೇಕು. ಸೊಳ್ಳೆಗೆ ಏಳು ದಿನ ಸಿಕ್ಕದಿದ್ದರೆ ಅದು ಹುಟ್ಟುವುದೇ ಇಲ್ಲ. ಒಂದು ಮನೆಯವರು ಮಾತ್ರ ಮಾಡಿದರೆ ಉಪಯೋಗವಿಲ್ಲ; ಸೊಳ್ಳೆಗೆ ಓಣಿಯ ಗಡಿ ಗೊತ್ತಿಲ್ಲ.

ದನಕರುಗಳು

ನೀರು ಏರುವ ಸುದ್ದಿ ಬಂದೊಡನೆ ದನಗಳ ಹಗ್ಗ ಬಿಚ್ಚಿರಿ. ಎತ್ತರಕ್ಕೆ ಹೊಡೆದುಕೊಂಡು ಹೋಗಲು ಹೊತ್ತಿಲ್ಲದಿದ್ದರೂ ಕಟ್ಟಿ ಬಿಟ್ಟುಹೋಗಬೇಡಿರಿ. ಬಿಚ್ಚಿದ ದನ ಈಸಿ ಬದುಕುತ್ತದೆ. ಕಟ್ಟಿದ್ದು ನಿಂತಲ್ಲೇ ಸಾಯುತ್ತದೆ.

ನೀರು ಇಳಿದ ಮೇಲೆ ನೆನೆದ ಮೇವೇ ಮೊದಲನೆಯ ವೈರಿ. ಬೂಸಲು ಬಂದ ಕಣಿಕೆ, ಹೊಟ್ಟು, ಗೋವಿನಜೋಳ, ಶೇಂಗಾ ಹಿಂಡಿಗಳಲ್ಲಿ ವಿಷ ಹುಟ್ಟಿರಬಹುದು. “ದನಕ್ಕಾದರೂ ಆದೀತು” ಎಂದು ಹಾಕಬೇಡಿರಿ. ಗಳಲೆ ಬೇನೆ, ಚಪ್ಪೆ ಬೇನೆಗಳು ತೇವದ ದಿನಗಳಲ್ಲಿ ಎರಗುತ್ತವೆ, ಎರಗಿದ ಮೇಲೆ ಬಹುಬೇಗ ಕೊಲ್ಲುತ್ತವೆ. ಇವಕ್ಕೆ ಲಸಿಕೆಯನ್ನು ಮಳೆಗಾಲದ ಮುಂಚೆಯೇ ಪಶು ಆಸ್ಪತ್ರೆಯಲ್ಲಿ ಹಾಕಿಸಬೇಕು. ಸತ್ತ ದನವನ್ನು ಹೊಳೆಗೆ ಎಳೆದುಬಿಡುವುದು ಕೆಳಗಿನ ಊರಿನವರಿಗೆ ಮಾಡುವ ದ್ರೋಹ. ಬಾವಿ, ಕೆರೆಗಳಿಂದ ದೂರದಲ್ಲಿ ಆಳವಾದ ಗುಂಡಿ ತೆಗೆದು ಸುಣ್ಣ ಹಾಕಿ ಹುಗಿಯಬೇಕು. ಹುಗಿಯುವ ಮೊದಲು ಪಶುವೈದ್ಯರಿಂದ ಪಂಚನಾಮೆ ಮಾಡಿಸಿ, ಚಿತ್ರ ತೆಗೆದಿಡುವುದನ್ನು ಮರೆಯಬೇಡಿರಿ. ಪರಿಹಾರಕ್ಕೆ ಅದು ಬೇಕಾಗುತ್ತದೆ.

ಹೊಲ

ಆಗಸ್ಟಿನ ನೆರೆ ಕಟಾವಿಗೆ ಬಂದ ಹೆಸರನ್ನೂ, ಹೊಲದಲ್ಲಿರುವ ಉಳ್ಳಾಗಡ್ಡಿ, ಹತ್ತಿ, ಗೋವಿನಜೋಳಗಳನ್ನೂ ಹಿಡಿಯುತ್ತದೆ. ಸೆಪ್ಟೆಂಬರ್ ಕೊನೆಯ, ಅಕ್ಟೋಬರದ ನೆರೆ ಹಿಂಗಾರಿ ಬಿತ್ತನೆಯನ್ನೇ ಹಿಡಿಯುತ್ತದೆ. ೨೦೦೯ರಲ್ಲಿ ಆದದ್ದು ಹೀಗೆಯೇ. ಆ ವರ್ಷ ಮುಂಗಾರಿಯಲ್ಲಿ ಮಳೆ ಕೈಕೊಟ್ಟಿತ್ತು. ಸೆಪ್ಟೆಂಬರ್ ಕೊನೆಗೂ ಅಕ್ಟೋಬರ್ ಮೊದಲಿಗೂ ಉತ್ತರ ಕರ್ನಾಟಕದ ಮೇಲೆ ಒಮ್ಮೆಲೇ ಸುರಿಯಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನರು ಸತ್ತರು. ಬರವೂ ನೆರೆಯೂ ಒಂದೇ ವರ್ಷದಲ್ಲಿ ಬಂದವು.

ನೀರು ನಿಂತ ಎರೆಹೊಲದಲ್ಲಿ ಬೇರಿಗೆ ಗಾಳಿಯಿಲ್ಲ. ಮಣ್ಣಿನಲ್ಲಿದ್ದ ಸಾರಜನಕವೂ ಹಾರಿಹೋಗುತ್ತದೆ. ಆಗ ಬೆಳೆ ಹಳದಿಯಾಗುತ್ತದೆ. ಮೊದಲ ಕೆಲಸವೆಂದರೆ ಇಳುಕಲಿನ ಕಡೆ ಸಣ್ಣ ಕಾಲುವೆ ತೆಗೆದು ನೀರು ಬಸಿಯುವಂತೆ ಮಾಡುವುದು. ಬಸಿದ ಮೇಲೆ ಚೇತರಿಸಿಕೊಳ್ಳುವಂತಿದ್ದರೆ ಎಲೆಗೆ ಯೂರಿಯಾ ಸಿಂಪರಣೆಯ ಬಗ್ಗೆ ರೈತ ಸಂಪರ್ಕ ಕೇಂದ್ರದವರನ್ನು ಕೇಳಿರಿ. ಹಸಿ ಹೊಲದಲ್ಲಿ ಎತ್ತಾಗಲಿ ಟ್ರ್ಯಾಕ್ಟರಾಗಲಿ ಇಳಿಸಬಾರದು. ಹದ ತಪ್ಪಿ ತುಳಿಸಿದ ಎರೆಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿ, ಮುಂದಿನ ಬೆಳೆಯ ಬೇರಿಗೂ ಅಡ್ಡಿಯಾಗುತ್ತದೆ. ಅವಸರಪಟ್ಟು ಒಂದು ವಾರ ಉಳಿಸಿ, ಒಂದು ವರ್ಷ ಕಳೆದುಕೊಳ್ಳಬೇಡಿರಿ.

ಹಿಂಗಾರಿ ಜೋಳವನ್ನು ಅಕ್ಟೋಬರ್ ನಡುವಿನ ತನಕ ಬಿತ್ತಬಹುದು. ಆ ಹೊತ್ತು ಮೀರಿದರೆ ಕಡಲೆಗೆ ನವೆಂಬರ್ ಮೊದಲ ಪಕ್ಷದವರೆಗೆ ಅವಕಾಶವಿದೆ. ತೇವ ಹೆಚ್ಚಾದ ಹೊಲದಲ್ಲಿ ಕಡಲೆಗೆ ನೆಟೆರೋಗದ ಭಯವಿರುವುದರಿಂದ ಬೀಜೋಪಚಾರ ಮಾಡಿಯೇ ಬಿತ್ತಬೇಕು. ಇದಕ್ಕೆಲ್ಲ ಬೀಜ ಉಳಿದಿರಬೇಕಲ್ಲವೇ? ಹೊಳೆಸಾಲಿನವರು ಬೀಜದ ಚೀಲವನ್ನು ನೆಲದ ಮೇಲಿಡದೆ ಅಟ್ಟದ ಮೇಲೆ, ಇಲ್ಲವೆ ಎತ್ತರದ ಊರಿನ ನೆಂಟರ ಮನೆಯಲ್ಲಿ ಇಡುವುದು ಜಾಣತನ. ಹೊಲದಲ್ಲಿ ಮರಳು ಹೊದ್ದಿದ್ದರೆ ಅದನ್ನು ತೆಗೆಸಬೇಕು. ಹೊಳೆ ತಂದದ್ದೆಲ್ಲ ಗೊಬ್ಬರವಲ್ಲ. ನುಣುಪಾದ ಮೆಕ್ಕಲು ಮಣ್ಣು ಹೊಲಕ್ಕೆ ಒಳ್ಳೆಯದು, ಮರಳು ಒಳ್ಳೆಯದಲ್ಲ. ಅನುಮಾನವಿದ್ದರೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ವಿಚಾರಿಸಿರಿ.

ದುಡಿಮೆ ಮತ್ತು ದಾಖಲೆ

ನೆರೆಯಲ್ಲಿ ಹೊಲ ಕಳೆದುಕೊಂಡವನ ನಷ್ಟ ಎಲ್ಲರಿಗೂ ಕಾಣುತ್ತದೆ. ಆ ಹೊಲದಲ್ಲಿ ಕಳೆ ತೆಗೆಯುತ್ತಿದ್ದ, ಹತ್ತಿ ಬಿಡಿಸುತ್ತಿದ್ದ ಕೂಲಿಯವಳ ನಷ್ಟ ಯಾವ ಪಟ್ಟಿಯಲ್ಲಿಯೂ ಸೇರುವುದಿಲ್ಲ. ಅವಳಿಗೆ ಎರಡು ತಿಂಗಳ ಕೂಲಿ ಹೋಗಿರುತ್ತದೆ. ಇಂಥ ಮನೆಗಳವರೇ ಮಕ್ಕಳ ಶಾಲೆ ಬಿಡಿಸಿ ಗೋವೆಗೋ ಮಂಗಳೂರಿಗೋ ದುಡಿಯಲು ಹೋಗುತ್ತಾರೆ. ಕಾಲುವೆ ತೆಗೆಯುವುದು, ಒಡ್ಡು ಸರಿಪಡಿಸುವುದು, ರಾಡಿ ಎತ್ತುವುದು ಮುಂತಾದ ಕೆಲಸಗಳನ್ನು ಉದ್ಯೋಗ ಖಾತರಿಯಲ್ಲಿ ನೀರು ಇಳಿದ ಮೊದಲ ವಾರದಲ್ಲಿಯೇ ಆರಂಭಿಸುವಂತೆ ಗ್ರಾಮ ಪಂಚಾಯಿತಿಯನ್ನು ಬರಹದಲ್ಲಿ ಕೇಳಿರಿ. ಊರೂ ಸರಿಯಾಗುತ್ತದೆ, ಕೂಲಿಯೂ ಸಿಕ್ಕುತ್ತದೆ.

ಲಾವಣಿಗೆ, ಕೋರಿಗೆ ಹೊಲ ಮಾಡುವವರ ಕಷ್ಟವೂ ಹೀಗೆಯೇ. ಬೀಜ, ಗೊಬ್ಬರ, ಬೆವರು ಅವರದು. ಪಹಣಿಯಲ್ಲಿ ಹೆಸರು ಹೊಲದೊಡೆಯನದು. ಪರಿಹಾರ ಪಹಣಿಯ ಹಿಂದೆ ಹೋಗುತ್ತದೆ. ಇದಕ್ಕೆ ಒಂದೇ ದಾರಿ: ಬಿತ್ತುವ ಮೊದಲೇ, ನಷ್ಟವಾದರೆ ಪರಿಹಾರವನ್ನು ಹೇಗೆ ಹಂಚಿಕೊಳ್ಳಬೇಕೆಂಬುದನ್ನು ನಾಲ್ಕು ಜನ ಹಿರಿಯರ ಮುಂದೆ ಬರೆದಿಟ್ಟುಕೊಳ್ಳುವುದು. ನೆರೆ ಬಂದ ಮೇಲೆ ಈ ಮಾತು ಎತ್ತಿದರೆ ಜಗಳವಾಗುತ್ತದೆ; ಬಿತ್ತುವಾಗ ಎತ್ತಿದರೆ ಒಪ್ಪಂದವಾಗುತ್ತದೆ.

ಬೆಳೆ ವಿಮೆ ಮಾಡಿಸಿದವರು ಹೊಲ ಮುಳುಗಿದ ೭೨ ತಾಸುಗಳೊಳಗೆ ವಿಮೆಯವರಿಗೋ ಬ್ಯಾಂಕಿಗೋ ಕೃಷಿ ಇಲಾಖೆಗೋ ತಿಳಿಸಬೇಕು. ಸರಕಾರದ ಬೆಳೆ ಪರಿಹಾರಕ್ಕೆ ಶೇಕಡಾ ೩೩ ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾಳಾಗಿರಬೇಕು. ಆದ್ದರಿಂದ ಹೊಲ ಹರಗುವ ಮೊದಲು, ಮನೆಯ ಮಣ್ಣು ಎತ್ತುವ ಮೊದಲು ಚಿತ್ರ ತೆಗೆದಿಡಿರಿ. ಗ್ರಾಮ ಆಡಳಿತ ಅಧಿಕಾರಿಯವರು ಸಮೀಕ್ಷೆಗೆ ಬಂದಾಗ ಸ್ಥಳದಲ್ಲಿರಿ. ನಿಮ್ಮ ಹೆಸರು ಬರೆದುಕೊಂಡದ್ದನ್ನು ಕಣ್ಣಾರೆ ನೋಡಿರಿ. ಪಹಣಿ, ಆಧಾರ್, ಪಡಿತರ ಚೀಟಿ, ಬ್ಯಾಂಕಿನ ಪುಸ್ತಕ, ಮಕ್ಕಳ ಶಾಲೆಯ ಪ್ರಮಾಣಪತ್ರಗಳನ್ನು ಮಳೆಗಾಲವಿಡೀ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಬಾಗಿಲ ಬಳಿ ಎತ್ತರದಲ್ಲಿ ತೂಗುಹಾಕಿರಿ.

ಹೊಳೆಗೂ ಒಂದು ಮನೆ ಬೇಕು

ಮಳೆ ಕಡಿಮೆಯಾದ ವರ್ಷಗಳಲ್ಲಿ ಜಲಾಶಯ ತುಂಬುವುದಿಲ್ಲ, ಹೊಳೆ ಹರಿಯುವುದಿಲ್ಲ. ಹರಿಯದ ಹೊಳೆಯಲ್ಲಿ ಜಾಲಿ ಬೆಳೆಯುತ್ತದೆ. ಜಾಲಿ ಬೆಳೆದಲ್ಲಿ ಹೂಳು ನಿಲ್ಲುತ್ತದೆ. ಹೂಳು ನಿಂತಲ್ಲಿ ಒಬ್ಬರು ಒಂದು ಮೊಳ, ಇನ್ನೊಬ್ಬರು ಎರಡು ಮೊಳ ಹೊಲ ಮುಂದೆ ಸರಿಸುತ್ತಾರೆ. ಹೀಗೆ ಮಲಪ್ರಭೆಯ ಪಾತ್ರ ಎಷ್ಟೋ ಕಡೆ ಕಿರಿದಾಗಿದೆ. ಮುಂದೊಂದು ವರ್ಷ ದೊಡ್ಡ ನೀರು ಬಂದಾಗ ಹೊಳೆ ತನ್ನ ಹಳೆಯ ಜಾಗವನ್ನು ಕೇಳುತ್ತದೆ; ಒತ್ತುವರಿ ಮಾಡಿದವನ ಹೊಲದೊಡನೆ ಮಾಡದವನ ಮನೆಯನ್ನೂ ಒಯ್ಯುತ್ತದೆ. ಒಬ್ಬರ ಎರಡು ಮೊಳದ ಬೆಲೆಯನ್ನು ಇಡೀ ಊರು ತೆರಬೇಕಾಗುತ್ತದೆ. ಆದಕಾರಣ ಹೊಳೆಯ ಗಡಿ ಗುರುತಿಸಿ, ಜಾಲಿ ತೆಗೆಸುವ ಮಾತನ್ನು ಗ್ರಾಮಸಭೆಯಲ್ಲಿ ಎತ್ತಿರಿ.

೨೦೦೯ರ ನೆರೆಯ ತರುವಾಯ ಹೊಳೆಸಾಲಿನ ಹಲವು ಊರುಗಳವರಿಗೆ ಎತ್ತರದ ಜಾಗದಲ್ಲಿ ಮನೆಗಳನ್ನು ಕಟ್ಟಿಸಲಾಯಿತು. ಆದರೂ ಹಲವರು ಹಳೆಯ ಊರಿನ ಮನೆಯನ್ನು ಬಿಡಲಿಲ್ಲ. ಹೊಲ ಹತ್ತಿರ, ದನ ಕಟ್ಟಲು ಜಾಗವಿದೆ, ದೇವರ ಗುಡಿಯಿದೆ ಎಂಬ ಅವರ ಕಾರಣಗಳು ಸುಳ್ಳಲ್ಲ. ಆದರೆ ಮಳೆಗಾಲದಲ್ಲಿ, ಅದರಲ್ಲೂ ಆಗಸ್ಟಿನಿಂದ ಅಕ್ಟೋಬರ್ ತನಕ, ಮುದುಕರು, ಗರ್ಭಿಣಿಯರು, ಸಣ್ಣ ಮಕ್ಕಳು, ಬೀಜದ ಚೀಲ ಮತ್ತು ದಾಖಲೆಗಳನ್ನಾದರೂ ಎತ್ತರದ ಮನೆಯಲ್ಲಿ ಇಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಊರು ಕೂಡಿ ಮಾಡತಕ್ಕ ಕೆಲಸ

ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ. ಪ್ರತಿ ಊರಿನಲ್ಲಿ ಮೇ ತಿಂಗಳೊಳಗೆ ಹತ್ತು ಜನರು ಕುಳಿತು ಈ ಕೆಲಸಗಳನ್ನು ಹಂಚಿಕೊಳ್ಳಲಿ. ಅಣೆಕಟ್ಟಿನ ಮತ್ತು ಹಳ್ಳದ ಸುದ್ದಿ ತಂದು ಡಂಗುರ ಸಾರುವವರು ಇಬ್ಬರು. ಬ್ಲೀಚಿಂಗ್ ಪುಡಿ, ಓಆರ್‌ಎಸ್ ತರಿಸಿಟ್ಟು ಬಾವಿ, ತೊಟ್ಟಿಗಳನ್ನು ನೋಡಿಕೊಳ್ಳುವವರು ಇಬ್ಬರು. ಇವರಲ್ಲಿ ಒಬ್ಬರು ಆಶಾ ಕಾರ್ಯಕರ್ತೆಯಾಗಿರಲಿ. ದನಕರುಗಳಿಗೆ ಲಸಿಕೆ ಹಾಕಿಸಿ, ಎತ್ತರದ ಜಾಗದಲ್ಲಿ ಮೇವು ಕೂಡಿಸುವವರು ಇಬ್ಬರು. ಒಬ್ಬರೇ ಇರುವ ಮುದುಕರು, ನಡೆಯಲಾರದವರು, ಬಸುರಿಯರು ಯಾವ ಮನೆಯಲ್ಲಿದ್ದಾರೆಂದು ಪಟ್ಟಿ ಮಾಡಿ ಮೊದಲು ಅವರನ್ನು ಸಾಗಿಸುವವರು ಇಬ್ಬರು. ಹಾನಿಯ ಲೆಕ್ಕ ಬರೆದಿಡುವವರು ಇಬ್ಬರು. ನವಿಲುತೀರ್ಥದಲ್ಲಿ ನೀರು ಬಿಟ್ಟ ಎಷ್ಟು ತಾಸಿಗೆ ನಿಮ್ಮ ಊರ ಘಟ್ಟದಲ್ಲಿ ಹೊಳೆ ಏರುತ್ತದೆಂಬುದನ್ನು ಈ ಸಲವೇ ಗುರುತಿಸಿ ಪಂಚಾಯಿತಿಯ ಗೋಡೆಯ ಮೇಲೆ ಬರೆಯಿಸಿರಿ. ಪಕ್ಕದಲ್ಲಿ ತುರ್ತು ಕರೆಯ ೧೧೨, ಆಂಬುಲೆನ್ಸಿನ ೧೦೮, ಜಿಲ್ಲಾ ಸಹಾಯವಾಣಿಯ ೧೦೭೭ ಸಂಖ್ಯೆಗಳೂ ಇರಲಿ.

ಹೊಳೆ ಮತ್ತೆ ಬರುತ್ತದೆ. ಎಂದು ಬರುತ್ತದೆಂಬುದನ್ನು ಹೇಳಲಾಗದು. ಬಂದು ಹೋದ ಮೇಲೆ ಏನು ಮಾಡಬೇಕೆಂಬುದನ್ನು ಹೇಳಬಹುದು. ಶುದ್ಧ ನೀರು, ಆರಿದ ಗೋಡೆ, ಹದ ನೋಡಿ ಬಿತ್ತಿದ ಹೊಲ, ಪಟ್ಟಿಯಲ್ಲಿ ಬರೆದ ಹೆಸರು, ಈ ನಾಲ್ಕನ್ನು ಕಾಯ್ದುಕೊಂಡ ಊರಿಗೆ ನೆರೆಯ ಎರಡನೆಯ ಕಂತು ತಟ್ಟುವುದಿಲ್ಲ. ಈ ಲೇಖನವನ್ನು ಓದಿದವರು ಓದುಬಾರದ ನೆರೆಹೊರೆಯವರಿಗೆ ಓದಿ ಹೇಳಬೇಕೆಂದು ಕೋರುತ್ತೇವೆ.